ಸಾಲಗಾರ, ಫಲಾನುಭವಿ, ಸುಸ್ತಿದಾರ, ಸಾಮಾಜಿಕ ಉದ್ಯಮ: ಕೆಲವು ಪದಗಳ ಬಗ್ಗೆ ಕೇಳುವುದಿದೆ

ಎಲ್ಲರಿಗೂ ನಮಸ್ಕಾರ.

ಕಿರುಸಾಲ ಮತ್ತು ಸಾಮಾಜಿಕ ಉದ್ಯಮದ ಬಗ್ಗೆ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಓದುವವರು ಸಾಲ ತೆಗೆದುಕೊಳ್ಳುವ ಹೆಂಗಸರು, ಗುಂಪು ನಡೆಸುವವರು, ಈ ಕೆಲಸಕ್ಕೆ ಹೊಸದಾಗಿ ಸೇರಿದವರು. ಬ್ಯಾಂಕಿನ ಗಟ್ಟಿ ಕನ್ನಡ ಅವರಿಗೆ ಬೇಡ. ಹಾಗಂತ ಅರ್ಥ ಸಡಿಲವಾದರೂ ಆಗದು, ಒಂದು ಪದವನ್ನು ತಪ್ಪಾಗಿ ತಿಳಿದು ಸಹಿ ಹಾಕಿದರೆ ಆಮೇಲೆ ಕಂತು ಕಟ್ಟುತ್ತಾ ಕೂರಬೇಕಾದವರು ಅವರೇ. ಕೆಲವು ಪದಗಳ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ನನಗೆ ಅನಿಸಿದ್ದನ್ನು ಹೇಳಿಬಿಡುತ್ತೇನೆ, ನೀವು ಒಪ್ಪದಿದ್ದರೆ ಯಾಕೆ ಅಂತ ಬರೆಯಿರಿ.

ಮೊದಲು ಹೆಸರೇ. ಮೈಕ್ರೋಫೈನಾನ್ಸ್, ಕಿರು ಹಣಕಾಸು, ಸೂಕ್ಷ್ಮ ಹಣಕಾಸು, ಕಿರುಸಾಲ, ಈ ನಾಲ್ಕನ್ನೂ ಒಂದೇ ಅನ್ನುವ ಹಾಗೆ ಬಳಸುತ್ತಾರೆ. ಆದರೆ ಹಣಕಾಸು ಅಂದರೆ ಸಾಲ ಮಾತ್ರ ಅಲ್ಲ. ಉಳಿತಾಯ, ವಿಮೆ, ದೂರದಲ್ಲಿ ದುಡಿಯುವವರು ಮನೆಗೆ ಕಳಿಸುವ ದುಡ್ಡು, ಎಲ್ಲವೂ ಅದರೊಳಗೆ ಬರುತ್ತದೆ. 1974ರಲ್ಲಿ ಅಹಮದಾಬಾದಿನಲ್ಲಿ ಸ್ವಂತ ದುಡಿಮೆಯ ಹೆಂಗಸರ ಸಂಘ 'ಸೇವಾ'ದ ಬ್ಯಾಂಕ್ ಶುರುವಾದದ್ದು 4,000 ಹೆಂಗಸರು ತಲಾ 10 ರೂಪಾಯಿ ಷೇರು ಹಣ ಹಾಕಿದ್ದರಿಂದ. ಅಲ್ಲಿ ಅವರು ಮೊದಲು ಬ್ಯಾಂಕಿನ ಒಡತಿಯರು, ಆಮೇಲೆ ಸಾಲ ಪಡೆದವರು. ಅದನ್ನು ಕಿರು ಹಣಕಾಸು ಅನ್ನುವುದು ಸರಿ. ಸಾಲ ಕೊಟ್ಟು ವಾರ ವಾರ ಕಂತು ಎತ್ತುವುದಷ್ಟೇ ಕೆಲಸವಾಗಿರುವ ಕಂಪನಿಗೂ ಅದೇ ಹೆಸರು ಕೊಟ್ಟರೆ ಸಾಲ ಅನ್ನುವ ಮಾತೇ ಮರೆಯಾಗುತ್ತದೆ. ಬಡವರಿಗೆ ಸಾಲ ಕೊಡುವುದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಸಾಲವಾಗಿದ್ದರೆ ಸಾಲ ಅಂತಲೇ ಕರೆಯೋಣ ಅನ್ನುತ್ತಿದ್ದೇನೆ, ಅಷ್ಟೇ. ಹಾಗಾಗಿ ಬರೀ ಸಾಲ ಇರುವ ಕಡೆ ಕಿರುಸಾಲ, ಉಳಿತಾಯ ವಿಮೆ ಎಲ್ಲ ಇರುವ ಕಡೆ ಕಿರು ಹಣಕಾಸು ಅಂತ ಬರೆಯುತ್ತಿದ್ದೇನೆ. ಸೂಕ್ಷ್ಮ ಬಿಟ್ಟಿದ್ದೇನೆ, ಅದಕ್ಕೆ ನಾಜೂಕು ಅನ್ನುವ ಅರ್ಥವೂ ಅಂಟಿಕೊಂಡಿದೆ.

ನನಗೆ ಎಲ್ಲಕ್ಕಿಂತ ಜಾಸ್ತಿ ಬೇಜಾರು ತರಿಸುವ ಪದ ಫಲಾನುಭವಿ. ಸಂಸ್ಥೆಗಳ ವರದಿ, ಭಾಷಣ, ಪತ್ರಿಕಾ ಪ್ರಕಟಣೆ, ಎಲ್ಲಿ ನೋಡಿದರೂ ಸಾಲ ಪಡೆದವರು ಫಲಾನುಭವಿಗಳು. ಸರ್ಕಾರ ಪಿಂಚಣಿಯನ್ನೋ ವಿದ್ಯಾರ್ಥಿವೇತನವನ್ನೋ ಕೊಟ್ಟಾಗ ಈ ಪದ ಹೊಂದುತ್ತದೆ, ಅಲ್ಲಿ ವಾಪಸ್ ಕೊಡುವ ಮಾತಿಲ್ಲ. ಇಲ್ಲಿ ಅಸಲು ಕಟ್ಟಬೇಕು, ಬಡ್ಡಿ ಕಟ್ಟಬೇಕು, ಎಷ್ಟೋ ಕಡೆ ಶುಲ್ಕ ಅಂತ, ವಿಮೆ ಅಂತ ದುಡ್ಡು ಕೈಗೆ ಬರುವ ಮೊದಲೇ ಒಂದಿಷ್ಟು ಮುರಿದುಕೊಂಡಿರುತ್ತಾರೆ. ಸಾಲ ಕೊಡುವ ಸಂಸ್ಥೆಯ ಸಂಬಳ, ಬಾಡಿಗೆ, ಲಾಭ ಎಲ್ಲ ಬರುವುದು ಮುಖ್ಯವಾಗಿ ಈ ಬಡ್ಡಿಯಿಂದಲೇ. ಹಾಗಿರುವಾಗ ಯಾರ ಫಲವನ್ನು ಯಾರು ಅನುಭವಿಸುತ್ತಿದ್ದಾರೆ? ಕಾರಿಗೆ ಸಾಲ ಮಾಡಿದವರನ್ನು ಯಾರೂ ಫಲಾನುಭವಿ ಅನ್ನುವುದಿಲ್ಲ, ಅವರು ಗ್ರಾಹಕರು. ಬಡವರ ವಿಷಯ ಬಂದ ಕೂಡಲೇ ಪದ ಬದಲಾಗುತ್ತದೆ. ಇದು ಬರೀ ಮರ್ಯಾದೆಯ ಪ್ರಶ್ನೆ ಅಲ್ಲ. ಗ್ರಾಹಕರು ಅಂದರೆ ರಸೀದಿ ಕೇಳಬಹುದು, ಬಡ್ಡಿ ಹೇಗೆ ಲೆಕ್ಕ ಹಾಕಿದಿರಿ ಅಂತ ಕೇಳಬಹುದು, ಬೇರೆ ಕಡೆ ಹೋಗುತ್ತೇನೆ ಅನ್ನಬಹುದು. ಫಲಾನುಭವಿ ಅಂತ ದಿನಾ ಕರೆಸಿಕೊಂಡವರಿಗೆ ಹಾಗೆ ಕೇಳಲು ಸಂಕೋಚ ಬರುತ್ತದೆ. ಸಾಲ ವಿತರಣೆ ಅನ್ನುವುದೂ ಇದೇ ಜಾತಿ, ಸಮವಸ್ತ್ರ ವಿತರಣೆ, ಪುಸ್ತಕ ವಿತರಣೆ ಅಂದ ಹಾಗೆ. ಸಾಲ ನೀಡಿಕೆ ಅಂದರೆ ಸಾಕು.

ಸರಿ, ಫಲಾನುಭವಿ ಬೇಡ ಅಂದರೆ ಏನು ಬರೆಯೋಣ? ಸಾಲಗಾರ ಅಂತ ಬರೆಯಲು ಹೊರಟೆ. ಅಲ್ಲೇ ದೊಡ್ಡ ತೊಡಕು. ಕನ್ನಡದಲ್ಲಿ ಸಾಲಗಾರ ಅಂದರೆ ಸಾಲ ಪಡೆದವನೂ ಹೌದು, ಸಾಲ ಕೊಟ್ಟವನೂ ಹೌದು. "ಸಾಲಗಾರರ ಕಾಟ ತಾಳಲಾರದೆ ಊರು ಬಿಟ್ಟ" ಅಂದರೆ ಕೊಟ್ಟವರ ಕಾಟ. "ಸಾಲಗಾರರಿಗೆ ಬ್ಯಾಂಕ್ ನೋಟಿಸ್" ಅಂದರೆ ಪಡೆದವರಿಗೆ. ದಿನದ ಮಾತಿನಲ್ಲಿ ಇದು ತೊಂದರೆ ಕೊಡುವುದಿಲ್ಲ, ಯಾರು ಯಾರನ್ನು ಕಾಡುತ್ತಾರೆ ಅಂತ ಎಲ್ಲರಿಗೂ ಗೊತ್ತು. ಕೈಪಿಡಿಯಲ್ಲಿ "ಸಾಲಗಾರರ ಹಕ್ಕುಗಳು" ಅಂತ ಒಂದು ತಲೆಬರಹ ಹಾಕಿದರೆ ಅದು ಯಾರ ಹಕ್ಕು? ಇನ್ನೊಂದು ಉದಾಹರಣೆ ನೋಡಿ. 1976ರಲ್ಲಿ ಬಾಂಗ್ಲಾದೇಶದ ಜೋಬ್ರಾ ಹಳ್ಳಿಯಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕ ಮುಹಮ್ಮದ್ ಯೂನುಸ್ ಅವರು 42 ಜನರಿಗೆ ಒಟ್ಟು 27 ಡಾಲರ್‌ನಷ್ಟು ದುಡ್ಡು ಕೊಟ್ಟರು. ಅಲ್ಲಿ ಬಿದಿರಿನ ಮೋಡಾ (ಕೂರುವ ಪೀಠ) ಹೆಣೆಯುವವರು ಬಿದಿರಿಗೆ ವ್ಯಾಪಾರಿಯ ಹತ್ತಿರ ಸಾಲ ಮಾಡಬೇಕಿತ್ತು, ಹೆಣೆದದ್ದನ್ನು ಅವನಿಗೇ ಅವನು ಹೇಳಿದ ರೇಟಿಗೆ ಮಾರಬೇಕಿತ್ತು. 1983ರಲ್ಲಿ ಬಾಂಗ್ಲಾದೇಶದ ಗ್ರಾಮೀಣ ಬ್ಯಾಂಕ್ ಆಗಿ ನಿಂತು 2006ರಲ್ಲಿ ಯೂನುಸ್ ಜೊತೆ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ಕೆಲಸದ ಮೂಲ ಇದು. ಇದನ್ನು ಸಾಲಗಾರ ಪದ ಇಟ್ಟುಕೊಂಡು ಬರೆದರೆ "ಸಾಲಗಾರರನ್ನು ಸಾಲಗಾರರ ಹಿಡಿತದಿಂದ ಬಿಡಿಸಲು ಹೊಸ ಸಾಲಗಾರರು ಬಂದರು" ಅಂತಾಗುತ್ತದೆ! ಸದ್ಯಕ್ಕೆ ಸಾಲ ಕೊಟ್ಟವರು, ಸಾಲ ಪಡೆದವರು ಅಂತ ಬಿಡಿಸಿ ಬರೆಯುತ್ತಿದ್ದೇನೆ. ಸ್ಪಷ್ಟ ಇದೆ, ಆದರೆ ಉದ್ದ. ಸಾಲದಾತ ಅನ್ನುವುದು ಕೊಟ್ಟವರಿಗೆ ಇದೆ, ಪಡೆದವರಿಗೆ ಅದರ ಜೋಡಿಯಾಗಿ ಚಿಕ್ಕ ಪದ ಬೇಕು. ಋಣಿ ಬೇಡ, ಉಪಕಾರದ ವಾಸನೆ ಬರುತ್ತದೆ. ಈ ಎರಡನ್ನೂ ಬೇರೆ ಬೇರೆ ಪದದಿಂದ ಕರೆಯುವ ರೂಢಿ ನಿಮ್ಮಲ್ಲಿ ಯಾರಿಗಾದರೂ ಗೊತ್ತಾ?

ಬಡ್ಡಿಗೆ ಬರುತ್ತೇನೆ. ಇಲ್ಲಿ ಪದದ ಜೊತೆ ಲೆಕ್ಕವೂ ಇದೆ, ಸ್ವಲ್ಪ ತಾಳ್ಮೆಯಿಂದ ಓದಿ. 1,200 ಸಾಲ, 12 ತಿಂಗಳ ಕಂತು, ವರ್ಷಕ್ಕೆ ಶೇಕಡಾ 12 ಬಡ್ಡಿ ಅನ್ನೋಣ. ಒಂದು ರೀತಿಯಲ್ಲಿ 1,200ಕ್ಕೆ ಇಡೀ ವರ್ಷದ ಬಡ್ಡಿ 144 ಅಂತ ಮೊದಲೇ ಸೇರಿಸಿ ತಿಂಗಳಿಗೆ 112 ಕಟ್ಟಿಸಿಕೊಳ್ಳುತ್ತಾರೆ. ಆದರೆ ಪಡೆದವರ ಕೈಯಲ್ಲಿ 1,200 ವರ್ಷಪೂರ್ತಿ ಇರುವುದಿಲ್ಲ, ತಿಂಗಳಿಗೆ ನೂರರಂತೆ ಅಸಲು ವಾಪಸ್ ಹೋಗುತ್ತಿರುತ್ತದೆ, ಸರಾಸರಿ ಅವರ ಹತ್ತಿರ ಇರುವುದು 650 ಮಾತ್ರ. ಉಳಿದ ಅಸಲಿಗಷ್ಟೇ ಬಡ್ಡಿ ಅಂತ ಲೆಕ್ಕ ಹಾಕಿ ನೋಡಿದರೆ ಆ 12 ನಿಜದಲ್ಲಿ ಶೇಕಡಾ 21ಕ್ಕೂ ಜಾಸ್ತಿ. ಮೊದಲನೆಯದನ್ನು ಫ್ಲಾಟ್ ಬಡ್ಡಿ ಅನ್ನುತ್ತಾರೆ, ಎರಡನೆಯದನ್ನು ಇಳಿಕೆ ಬಡ್ಡಿ ಅಂತ ಬರೆದದ್ದನ್ನು ನೋಡಿದ್ದೇನೆ. ಇಳಿಕೆ ಬಡ್ಡಿ ಅಂದರೆ ಕೇಳಿದವರು ಏನು ತಿಳಿಯುತ್ತಾರೆ? ಬಡ್ಡಿ ದರ ತಿಂಗಳು ತಿಂಗಳು ಇಳಿಯುತ್ತದೆ ಅಂತ. ಇಳಿಯುವುದು ಅಸಲು, ದರ ಅಲ್ಲ. ಫ್ಲಾಟ್ ಅನ್ನುವುದಂತೂ ಏನೂ ಹೇಳುವುದಿಲ್ಲ, ಒಂದೇ ಸಮ ಇರುತ್ತದೆ, ಒಳ್ಳೆಯದೇ ಇರಬೇಕು ಅನ್ನಿಸಿಬಿಡುತ್ತದೆ. ನನ್ನ ಸಲಹೆ: "ಪೂರ್ತಿ ಅಸಲಿನ ಬಡ್ಡಿ" ಮತ್ತು "ಉಳಿದ ಅಸಲಿನ ಬಡ್ಡಿ". ಪದದಲ್ಲೇ ಲೆಕ್ಕದ ರೀತಿ ಇದೆ. ಉದ್ದವಾಯಿತು ಅಂತ ಕೆಲವರು ಹೇಳಿದ್ದಾರೆ, ಆದರೆ ಈ ಒಂದು ಕಡೆ ನಾನು ಬಿಟ್ಟುಕೊಡಲು ತಯಾರಿಲ್ಲ. ಇದಕ್ಕಿಂತ ಚಿಕ್ಕದು, ಇಷ್ಟೇ ಸ್ಪಷ್ಟವಾದದ್ದು ಇದ್ದರೆ ಖಂಡಿತ ಬದಲಾಯಿಸುತ್ತೇನೆ.

ಜಂಟಿ ಬಾಧ್ಯತಾ ಗುಂಪು ಅನ್ನುವುದಕ್ಕೆ "ಒಬ್ಬರಿಗೊಬ್ಬರು ಹೊಣೆಯಾದ ಗುಂಪು" ಅಂತ ಹಾಕಿದ್ದೇನೆ. ಹೊಣೆ ಅಂದರೆ ಎಲ್ಲರಿಗೂ ತಿಳಿಯುತ್ತದೆ, ಬಾಧ್ಯತೆ ತಿಳಿಯದು. ಒಬ್ಬರು ಕಟ್ಟದಿದ್ದರೆ ಉಳಿದವರು ಕಟ್ಟಬೇಕು ಅನ್ನುವುದು ಅದರ ತಿರುಳು. ಫಿಲಿಪ್ಪೀನ್ಸ್‌ನಲ್ಲಿ ಒಂದು ಬ್ಯಾಂಕು ಕೆಲವು ಕೇಂದ್ರಗಳಲ್ಲಿ ಈ ಷರತ್ತು ತೆಗೆದು ನೋಡಿತು, ವಾಪಸಾತಿ ಕಡಿಮೆಯಾಗಲಿಲ್ಲ. ಅಂದರೆ ಗುಂಪು ಬೇರೆ, ಹೊಣೆ ಬೇರೆ. ಹೊಣೆ ಇಲ್ಲದ ಗುಂಪಿಗೆ ಬರೀ ಸಾಲದ ಗುಂಪು ಅನ್ನಬಹುದಲ್ವಾ?

ಸುಸ್ತಿದಾರ ಪದದ ಬಗ್ಗೆ ನಿಮ್ಮ ಸಹಾಯ ನಿಜಕ್ಕೂ ಬೇಕು. ಬ್ಯಾಂಕು, ಸೊಸೈಟಿಗಳಲ್ಲಿ ಹೇಳಿದ ಹೊತ್ತಿಗೆ ಕಟ್ಟದೆ ಉಳಿದ ಸಾಲಕ್ಕೆ ಇದು ಗಟ್ಟಿಯಾಗಿ ನಿಂತಿರುವ ಪದ: ಸುಸ್ತಿ ಸಾಲ, ಸುಸ್ತಿ ಬಡ್ಡಿ, ಸುಸ್ತಿದಾರ. ಮಾತಿನಲ್ಲಿ ಸುಸ್ತು ಅಂದರೆ ಆಯಾಸ, ಆದರೆ ಲೆಕ್ಕದ ಪುಸ್ತಕದಲ್ಲಿ ಸುಸ್ತಿದಾರ ಅಂದಾಗ ಆ ಕನಿಕರ ಏನೂ ಉಳಿಯುವುದಿಲ್ಲ, ಕಟ್ಟದ ಮೊಂಡ ಅನ್ನುವ ಹಾಗೆ ಕೇಳಿಸುತ್ತದೆ. 2010ರಲ್ಲಿ ಆಂಧ್ರಪ್ರದೇಶದಲ್ಲಿ ಏನಾಯಿತು ನೆನಪಿಸಿಕೊಳ್ಳಿ. ಒಬ್ಬೊಬ್ಬರಿಗೆ ಮೂರು ನಾಲ್ಕು ಕಂಪನಿಗಳ ಸಾಲ, ಒಂದರ ಕಂತಿಗೆ ಇನ್ನೊಂದರಿಂದ ಸಾಲ, ವಸೂಲಿಯ ಒತ್ತಡ, ಆತ್ಮಹತ್ಯೆಗಳ ವರದಿಗಳು. ಅಕ್ಟೋಬರಿನಲ್ಲಿ ಸರ್ಕಾರ ಈ ಕಂಪನಿಗಳಿಗೆ ಕಡಿವಾಣ ಹಾಕುವ ಸುಗ್ರೀವಾಜ್ಞೆ ತಂದಿತು, ವಸೂಲಿ ಹೆಚ್ಚುಕಡಿಮೆ ನಿಂತೇ ಹೋಯಿತು. ಆಗ ಕಟ್ಟಲು ಶಕ್ತಿ ಇಲ್ಲದೆ ನಿಲ್ಲಿಸಿದವರೂ ಇದ್ದರು, ಕಟ್ಟಬೇಡಿ ಅಂತ ಯಾರೋ ಹೇಳಿದ್ದಕ್ಕೆ ನಿಲ್ಲಿಸಿದವರೂ ಇದ್ದರು, ಲೆಕ್ಕದಲ್ಲಿ ಎಲ್ಲರೂ ಸುಸ್ತಿದಾರರೇ. ಕನ್ನಡದಲ್ಲಿ ಕ್ರಿಯಾಪದ ಈ ಭೇದವನ್ನು ಎಷ್ಟು ಸಲೀಸಾಗಿ ಹೇಳುತ್ತದೆ ನೋಡಿ: ಕಟ್ಟಲಾರದವರು, ಕಟ್ಟದವರು. ಉದ್ದೇಶಪೂರ್ವಕ ಸುಸ್ತಿದಾರ ಅಂತ ಕಟ್ಟದವರಿಗೆ ಒಂದು ಹೆಸರಿದೆ. ಕಟ್ಟಲಾರದವರಿಗೆ ಬೇರೆ ಹೆಸರೇ ಇಲ್ಲ. ನಾನು ಸುಸ್ತಿದಾರ ಪದವನ್ನೇ ಬಿಟ್ಟು ಈ ಎರಡನ್ನೇ ಬಳಸಲೇ, ಅಥವಾ ಬ್ಯಾಂಕಿನ ಕಾಗದದಲ್ಲಿ ಓದುಗರು ನೋಡುವುದು ಅದನ್ನೇ ಆದ್ದರಿಂದ ಇಟ್ಟುಕೊಂಡು ವಿವರಿಸಲೇ?

ಇನ್ನು ಬಡತನ ನಿರ್ಮೂಲನೆ. ಇದನ್ನು ಕಿರುಸಾಲದ ಪಕ್ಕ ಬರೆಯಲು ನನಗೆ ಕೈ ಬರುವುದಿಲ್ಲ. 2015ರಲ್ಲಿ ಬೋಸ್ನಿಯಾ, ಇಥಿಯೋಪಿಯಾ, ಭಾರತ, ಮೆಕ್ಸಿಕೋ, ಮಂಗೋಲಿಯಾ, ಮೊರಾಕ್ಕೋ, ಹೀಗೆ ಆರು ದೇಶಗಳ ಅಧ್ಯಯನಗಳು ಒಟ್ಟಿಗೆ ಬಂದವು. ಸಾಲ ಸಿಕ್ಕವರಲ್ಲಿ ಕೆಲವರ ವ್ಯಾಪಾರ ಸ್ವಲ್ಪ ಬೆಳೆಯಿತು, ಯಾವಾಗ ಏನು ಖರ್ಚು ಮಾಡಬೇಕು ಅನ್ನುವ ಆಯ್ಕೆ ಜಾಸ್ತಿಯಾಯಿತು, ಆದರೆ ಸರಾಸರಿ ಮನೆಯ ಆದಾಯ ಎದ್ದು ಕಾಣುವಷ್ಟು ಏರಲಿಲ್ಲ. ಆ ಆಯ್ಕೆ ಸಿಕ್ಕಿದ್ದು ಸಣ್ಣ ಮಾತಲ್ಲ, ಕಷ್ಟಕ್ಕೆ ದುಡ್ಡು ಸಿಗುವುದೇ ದೊಡ್ಡದು. ಆದರೆ ಬುಡಸಮೇತ ಕಿತ್ತಂತಲ್ಲ. ಬಡತನ ತಗ್ಗಿಸುವುದು, ಬಡತನದ ಬಿಗಿ ಸಡಿಲಿಸುವುದು, ಇಂಥ ಮಾತು ಸಾಕು. ಸಾಲ ತಲುಪದ ಕಡುಬಡವರಿಗೆ ಬ್ರ್ಯಾಕ್ ಸಂಸ್ಥೆ ಬಾಂಗ್ಲಾದೇಶದಲ್ಲಿ 2002ರಲ್ಲಿ ಬೇರೆ ದಾರಿ ಶುರು ಮಾಡಿತು: ಸಾಕಲು ಜಾನುವಾರು ಅಥವಾ ಬೇರೆ ಆಸ್ತಿ, ಅದನ್ನು ನೋಡಿಕೊಳ್ಳುವ ತರಬೇತಿ, ಸ್ವಲ್ಪ ಕಾಲ ಊಟದ ಖರ್ಚಿಗೆ ದುಡ್ಡು, ಉಳಿತಾಯ, ಮನೆಗೆ ಬಂದು ವಿಚಾರಿಸುವವರು. ಇದೇ ಮಾದರಿಯನ್ನು ಆರು ದೇಶಗಳಲ್ಲಿ 10,000ಕ್ಕೂ ಹೆಚ್ಚು ಮನೆಗಳಲ್ಲಿ ಪರೀಕ್ಷಿಸಿದಾಗ ಕಾರ್ಯಕ್ರಮ ಮುಗಿದು ವರ್ಷವಾದ ಮೇಲೂ ಲಾಭ ಉಳಿದಿತ್ತು. ಇಲ್ಲಿ ಫಲಾನುಭವಿ ಪದ ಒಪ್ಪುತ್ತದೆ, ಯಾಕಂದ್ರೆ ಕೊಟ್ಟದ್ದನ್ನು ವಾಪಸ್ ಕೇಳಲಿಲ್ಲ. ಇದಕ್ಕೆ ಗ್ರಾಜುಯೇಷನ್ ಕಾರ್ಯಕ್ರಮ ಅಂತ ಹೆಸರು. ಪದವಿ ಅಂತ ಕನ್ನಡಕ್ಕೆ ತಂದರೆ ಕಾಲೇಜು ನೆನಪಾಗುತ್ತದೆ. ನಾನು "ಮೇಲೇರುವ ಕಾರ್ಯಕ್ರಮ" ಅಂತ ಸುಮ್ನೆ ಗುರುತಿಗೆ ಹಾಕಿಟ್ಟಿದ್ದೇನೆ, ತೃಪ್ತಿ ಇಲ್ಲ.

ಕೊನೆಯದು ಸಾಮಾಜಿಕ ಉದ್ಯಮ. ಇದನ್ನು ಕೇಳಿದವರು ಸಮಾಜಸೇವೆ ಅಂದುಕೊಳ್ಳುತ್ತಾರೆ, ಇಲ್ಲವೇ ದಾನಧರ್ಮ ಮಾಡುವ ಕಂಪನಿ ಅಂದುಕೊಳ್ಳುತ್ತಾರೆ. ಎರಡೂ ಅಲ್ಲ. ಡಾ. ಜಿ. ವೆಂಕಟಸ್ವಾಮಿ ಅವರು 1976ರಲ್ಲಿ ಮಧುರೈನಲ್ಲಿ 11 ಹಾಸಿಗೆಗಳಿಂದ ಶುರು ಮಾಡಿದ ಅರವಿಂದ್ ಕಣ್ಣಾಸ್ಪತ್ರೆ ನಡೆಯುವುದು ದುಡ್ಡು ಕೊಡಬಲ್ಲ ರೋಗಿಗಳಿಂದ ಬಂದದ್ದರಲ್ಲಿ, ಅದರಿಂದಲೇ ಉಳಿದವರಿಗೆ ಉಚಿತವಾಗಿಯೋ ಕಡಿಮೆ ಖರ್ಚಿನಲ್ಲೋ ಶಸ್ತ್ರಚಿಕಿತ್ಸೆ. ಅಲ್ಲಿ ಲಾಭ ಇದೆ, ಅದು ಯಾರ ಜೇಬಿಗೂ ಹೋಗುವುದಿಲ್ಲ. ಆದ್ದರಿಂದ ಲಾಭರಹಿತ ಅನ್ನುವ ಪದವೂ ಸರಿಹೊಂದುವುದಿಲ್ಲ, ಲಾಭವೇ ಇಲ್ಲ ಅನ್ನುವ ಅರ್ಥ ಕೊಡುತ್ತದೆ. "ಲಾಭಕ್ಕಾಗಿ ಅಲ್ಲದ" ಅಂದರೆ ಹತ್ತಿರ ಬರುತ್ತದೆ. ಯೂನುಸ್ ಅವರ ವ್ಯಾಖ್ಯೆ ಇನ್ನೂ ಬಿಗಿ: ಹೂಡಿದವರು ತಮ್ಮ ಅಸಲನ್ನು ವಾಪಸ್ ಪಡೆಯಬಹುದು, ಅದಕ್ಕಿಂತ ಹೆಚ್ಚು ಲಾಭಾಂಶ ಪಡೆಯುವಂತಿಲ್ಲ. ಬ್ರಿಟನ್ನಿನಲ್ಲಿ 2005ರಿಂದ ಇಂಥ ಕಂಪನಿಗಳಿಗೆ ಬೇರೆಯೇ ಕಾನೂನು ರೂಪ ಇದೆ, ಆಸ್ತಿಯನ್ನು ಸಮುದಾಯದ ಕೆಲಸದಿಂದ ಹೊರಗೆ ಸಾಗಿಸದಂತೆ ಅದಕ್ಕೆ ಕಟ್ಟು ಹಾಕಿದ್ದಾರೆ. ಇನ್ನೊಂದು ಕೊನೆಯಲ್ಲಿ ಮೆಕ್ಸಿಕೋದ ಕಂಪಾರ್ಟಾಮೋಸ್ ಅನ್ನುವ ಕಿರುಸಾಲ ಸಂಸ್ಥೆ ಇದೆ. 1990ರಲ್ಲಿ ಲಾಭಕ್ಕಾಗಿ ಅಲ್ಲದ ಸಂಸ್ಥೆಯಾಗಿ ಶುರುವಾಯಿತು, 2007ರಲ್ಲಿ ಷೇರು ಮಾರುಕಟ್ಟೆಗೆ ಬಂದಾಗ ಮೊದಲು ಹೂಡಿದವರಿಗೆ ಭಾರೀ ಲಾಭ ಬಂತು, ಯೂನುಸ್ ಅದನ್ನು ಬಡ್ಡಿ ವ್ಯಾಪಾರ ಅಂತ ಖಂಡಿಸಿದರು. ಬಡವರಿಗೆ ಸಾಲ ಕೊಡುವುದರಿಂದ ಅದೂ ಸಾಮಾಜಿಕ ಉದ್ಯಮ ಅಂತ ವಾದ ಮಾಡುವವರಿದ್ದಾರೆ. ನಾನು ಒಪ್ಪುವುದಿಲ್ಲ. ಯಾರಿಗೆ ಮಾರುತ್ತಾರೆ ಅನ್ನುವುದರಿಂದ ಅಲ್ಲ, ಉಳಿದ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದರಿಂದ ಈ ಹೆಸರು ಸಿಗಬೇಕು.

ಇದನ್ನು ಹೇಳುವ ಪದ ಬೇಕಾಗಿದೆ. ಸೇವಾ ಉದ್ಯಮ ಆಗದು, ಅದು ಹೋಟೆಲು, ಸಾರಿಗೆ, ಐಟಿಗೆಲ್ಲ ಈಗಾಗಲೇ ಮೀಸಲಾಗಿದೆ. ಸಮಾಜಮುಖಿ ಉದ್ಯಮ ಅಂದರೆ ತೀರಾ ಅಸ್ಪಷ್ಟ, ಯಾವ ಕಂಪನಿ ಬೇಕಾದರೂ ಹಾಗೆ ಹೇಳಿಕೊಳ್ಳಬಹುದು. ಸಮುದಾಯದ ಉದ್ದಿಮೆ ಅನ್ನಬಹುದಾ ಅಂತ ಯೋಚಿಸುತ್ತಿದ್ದೇನೆ, ಲಾಭ ಸಮುದಾಯದ್ದು ಅನ್ನುವ ಸೂಚನೆ ಸಿಗುತ್ತದೆ, ಆದರೆ ಮಾಲೀಕತ್ವವೂ ಸಮುದಾಯದ್ದು ಅನ್ನುವ ಅರ್ಥ ಬಂದು ಸಹಕಾರ ಸಂಘದ ಜೊತೆ ಗೊಂದಲ ಆಗುತ್ತದೆಯೇ? ಸಹಕಾರ ಸಂಘಗಳಲ್ಲಿ ಕೆಲಸ ಮಾಡಿದವರು ಈ ಒಂದು ಪ್ರಶ್ನೆಗಾದರೂ ಉತ್ತರ ಬರೆಯಿರಿ, ಆದರೆ ಬರೀ ಪದ ಬೇಡ, ಅದನ್ನು ಬಳಸಿದ ಒಂದು ವಾಕ್ಯವೂ ಇರಲಿ.