ಸ್ಕ್ಯಾನಿನಲ್ಲಿ ಎಡ ಯಾವುದು, ಬಲ ಯಾವುದು? ರೇಡಿಯಾಲಜಿ ಡಾಕ್ಟರಿಗೆ ಕೇಳಿ

ಗೋಣಿಕೊಪ್ಪ: ನಮಸ್ಕಾರ ಡಾಕ್ಟ್ರೇ. ಮಾವನಿಗೆ ಸ್ಟ್ರೋಕ್ ಆಗಿ ಬಲಗೈ ಸ್ವಾಧೀನ ಇಲ್ಲ. ರಿಪೋರ್ಟಲ್ಲಿ ಎಡ ಮೆದುಳು ಅಂತಿದೆ, ಎಂಆರ್‌ಐ ಫಿಲ್ಮಲ್ಲಿ ಮಚ್ಚೆ ಬಲಕ್ಕಿದೆ. ಬೇರೆ ಯಾರದ್ದೋ ಫಿಲ್ಮ್ ಕೊಟ್ಟುಬಿಟ್ರಾ?

ಡಾಕ್ಟರ್: ನಮಸ್ಕಾರ. ನಿಮ್ಮವರದ್ದೇ. ಮಲಗಿದವರ ಕಾಲ ಕಡೆಯಿಂದ ನೋಡಿದಂತೆ ಚಿತ್ರ ಹಾಕುತ್ತೇವೆ, ಹಾಗಾಗಿ ಅವರ ಎಡ ನಿಮ್ಮ ಬಲಕ್ಕೆ ಬರುತ್ತೆ. ಎಡ ಮೆದುಳಿಗೆ ಪೆಟ್ಟಾದರೆ ಸೋಲುವುದು ಬಲಗೈಯೇ. ಅಂಚಿನಲ್ಲಿರುವ ‘ಆರ್’, ‘ಎಲ್’ ಅಕ್ಷರ ನೋಡಿ.

ವಿರಾಜಪೇಟೆ ವಿದ್ಯಾರ್ಥಿನಿ: ಸಾರ್, ಪಿಎಚ್‌ಡಿಗೆ ಸ್ಟ್ರೋಕ್ ಆದವರ ಎಂಆರ್‌ಐ ಡೇಟಾ ಇಟ್ಟುಕೊಂಡಿದ್ದೀನಿ. ಬಲಕ್ಕೆ ಪೆಟ್ಟಾದವರ ಚಿತ್ರಗಳನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ, ಎಲ್ಲವನ್ನೂ ಎಡಕ್ಕೇ ತಂದು ಲೆಕ್ಕ ಹಾಕಬಹುದಾ?

ಸೋಮವಾರಪೇಟೆ: ಸ್ಕ್ಯಾನಿಗೆ ಎಷ್ಟಾಗುತ್ತೆ ಡಾಕ್ಟ್ರೇ?

ಡಾಕ್ಟರ್: ವಿದ್ಯಾರ್ಥಿನಿಗೆ – ಹಾಗೆ ಮಾಡುವವರಿದ್ದಾರೆ. ಆದರೆ ಮೆದುಳಿನ ಎರಡು ಹೋಳು ಕಾಫಿ ಹಣ್ಣಿನೊಳಗಿನ ಎರಡು ಬೀಜದ ಹಾಗಲ್ಲ. ಬಹಳಷ್ಟು ಜನರಲ್ಲಿ ಬಲಹೋಳು ಹಣೆಯ ಕಡೆ ತುಸು ಮುಂದಕ್ಕೆ, ಎಡಹೋಳು ಹಿಂದಲೆಯ ಕಡೆ ತುಸು ಹಿಂದಕ್ಕೆ ಚಾಚಿರುತ್ತೆ. ಮಾತಿನ ಕೆಲಸ ಹೆಚ್ಚಿನವರಲ್ಲಿ ಎಡಕ್ಕೆ. ತಿರುಗಿಸಿಬಿಟ್ಟರೆ ಮಾತು ಹೋದವರೂ ಮಾತು ಉಳಿದವರೂ ಒಂದೇ ರಾಶಿಗೆ ಬೀಳುತ್ತಾರೆ. ಕೈಕಾಲಿನ ಶಕ್ತಿಯ ಲೆಕ್ಕಕ್ಕಾದರೆ ನಡೆದೀತು, ಮಾತಿನದ್ದಕ್ಕೆ ಬೇಡ. ತಿರುಗಿಸಿದರೂ ಎಡಬಲ ಸಮ ಇರುವ ಟೆಂಪ್ಲೇಟಿಗೇ (ಮಾದರಿ ಮೆದುಳಿನ ಚಿತ್ರಕ್ಕೇ) ಹೊಂದಿಸಿ.

ನನಗೆ ಹೆಚ್ಚು ಭಯ ತಾನಾಗಿ ತಿರುಗಿರುವ ಚಿತ್ರಗಳದ್ದು. ಸ್ಕ್ಯಾನರ್ ಕೊಡುವ ಡೈಕಾಮ್ ಫೈಲಿನಲ್ಲಿ ಜಾಗ ಗುರುತಿಸುವ ಅಂಕಿ ರೋಗಿಯ ಎಡಕ್ಕೆ ಏರುತ್ತೆ, ಸಂಶೋಧಕರು ಬಳಸುವ ನಿಫ್ಟಿ ಫೈಲಿನಲ್ಲಿ ಬಲಕ್ಕೆ; ಒಂದರಿಂದ ಇನ್ನೊಂದಕ್ಕೆ ಬದಲಿಸುವಾಗ ಎಡಬಲ ಅದಲುಬದಲಾಗಬಹುದು. ಹಳೇ ಅನಲೈಸ್ ಫೈಲುಗಳಲ್ಲಿ ದಿಕ್ಕಿನ ಮಾಹಿತಿ ನೆಚ್ಚುವಂತಿಲ್ಲ. ತಿರುಗಿದ ಮೆದುಳು ನೋಡಲಿಕ್ಕೆ ಮೆದುಳಿನ ಹಾಗೇ ಇರುತ್ತೆ, ಕಣ್ಣಿಗೆ ಸಿಕ್ಕಲ್ಲ. ಅದಕ್ಕೇ ಬಲ ಹಣೆಗೆ ವಿಟಮಿನ್ ಇ ಮಾತ್ರೆ ಅಂಟಿಸುವುದು, ಒಳಗಿನ ಎಣ್ಣೆ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತೆ. (ಅಂಟಿಸುವವನೇ ಎಡಕ್ಕೆ ಅಂಟಿಸಿದ್ದನ್ನೂ ನೋಡಿದ್ದೇನೆ.)

ಮಡಿಕೇರಿ: ಸಾರ್, ನಮ್ಮಮ್ಮನ ಫಿಲ್ಮಲ್ಲೂ ಮಚ್ಚೆ ಬಲಕ್ಕಿದೆ, ರಿಪೋರ್ಟಲ್ಲಿ ಎಡ ಅಂತಿದೆ...

ಡಾಕ್ಟರ್: ಮೇಲೆ ಓದಿ.

ಕುಶಾಲನಗರ: ಸ್ಟ್ರೋಕ್ ಆದ ಕೂಡಲೇ ಹತ್ತೂ ಬೆರಳಿಗೆ ಸೂಜಿ ಚುಚ್ಚಿ ರಕ್ತ ತೆಗೆದರೆ ಸರಿಹೋಗುತ್ತಂತೆ. ಎಲ್ಲರಿಗೂ ಕಳಿಸಿ 🙏

ಡಾಕ್ಟರ್: ಯಾರಿಗೂ ಕಳಿಸಬೇಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಸಾಮಾನ್ಯವಾಗಿ ಇರುವುದು 4.5 ಗಂಟೆ, ಅಷ್ಟರಲ್ಲಿ ಸಿಟಿ ಸ್ಕ್ಯಾನೂ ಆಗಬೇಕು. ಮಳೆಗಾಲದಲ್ಲಿ ತೋಟದ ಲೈನಿನಿಂದ ಟಾರ್ ರಸ್ತೆಗೆ ಬರುವುದೇ ಎಷ್ಟು ಹೊತ್ತು! ಸೂಜಿ ಹುಡುಕುತ್ತಾ ಕೂರುವ ಬದಲು 108ಕ್ಕೆ ಫೋನ್ ಮಾಡಿ.

ನಾಪೋಕ್ಲು: ಎಡಚರಿಗೆಲ್ಲ ಬಲ ಮೆದುಳೇ ಚುರುಕು. ಹಾಕಿ ಆಡೋರನ್ನ ನೋಡಿ.

ಪೊನ್ನಂಪೇಟೆ: ಎಡಚರ ಹಾಕಿ ಸ್ಟಿಕ್ಕೇ ಇಲ್ಲ ಮಾರಾಯ್ರೆ, ಚಪ್ಪಟೆ ಮುಖ ಒಂದೇ ಕಡೆ. ಯಾವ ಹಾಕಿ ನೋಡಿದ್ರಿ?

ನಾಪೋಕ್ಲು: ಸ್ಟಿಕ್ ಬಗ್ಗೆ ಯಾರ್ರೀ ಹೇಳಿದ್ದು? ಕೈ ಬಗ್ಗೆ ಹೇಳಿದ್ದು.

ಪೊನ್ನಂಪೇಟೆ: ಕೈಯಲ್ಲಿ ಹಿಡಿಯೋದು ಸ್ಟಿಕ್ಕೇ ತಾನೆ?

ಡಾಕ್ಟರ್: ಎಡಚರಲ್ಲೂ 10ರಲ್ಲಿ ಸುಮಾರು 7 ಜನರ ಮಾತು ಎಡ ಮೆದುಳಲ್ಲೇ ಇದೆ. ಹಾಕಿ ಬೇರೆ ಗುಂಪಿನಲ್ಲಿ ಆಡಿ.

ಸಿದ್ದಾಪುರ: ಫಿಲ್ಮಿನ ಫೋಟೋ ಹಾಕಿದ್ದೀನಿ, ಪೆಟ್ಟು ಯಾವ ಕಡೆ?

ಡಾಕ್ಟರ್: ‘ಆರ್’ ಅಕ್ಷರವೇ ಉಲ್ಟಾ ಇದೆ. ಫಿಲ್ಮ್ ಹಿಂದುಮುಂದು ಹಿಡಿದಿದ್ದೀರಿ.

ಸೋಮವಾರಪೇಟೆ: ರೇಟ್ ಕೇಳಿದ್ದೆ. ಬಡವರ ಪ್ರಶ್ನೆಗೆ ಉತ್ತರ ಇಲ್ಲ ಅನ್ಸುತ್ತೆ.

ವಿದ್ಯಾರ್ಥಿನಿ: ಸಾರ್, 6 ಜನರದ್ದು ಅನಲೈಸ್ ಫೈಲ್ ಮಾತ್ರ ಇದೆ. ಮಾತ್ರೆನೂ ಅಂಟಿಸಿಲ್ಲ.

ಡಾಕ್ಟರ್: ಮೂಲ ಡೈಕಾಮ್ ಕೇಳಿ ತರಿಸಿ. ಸಿಗದಿದ್ದರೆ ಆ 6 ಜನರನ್ನು ಬಿಡಿ.