ಸೋಪು ಜಾಸ್ತಿ ಹಾಕಿದರೂ ನೂಲು ಬಣ್ಣ ಕುಡಿಯುತ್ತಿಲ್ಲ, ಯಾಕೆ?

ಪ್ರಶ್ನೆ (ಗದಗ-ಬೆಟಗೇರಿ): ಸರ್, ಹತ್ತಿ ನೂಲಿಗೆ ಬಣ್ಣ ಹಾಕುತ್ತೇವೆ. ಈ ಸಲ ಎರಡು ಕಡೆಯಿಂದ ನೂಲು ಬಂದಿದೆ. ನೂಲಿನ ನಂಬರ್ (ದಪ್ಪದ ಅಳತೆ) ಒಂದೇ, ಸೋಪಿನ ನೀರೂ ಒಂದೇ. ಒಂದು ಲಡಿ ಹಾಕಿದ ತಕ್ಷಣ ಮುಳುಗುತ್ತದೆ. ಇನ್ನೊಂದು ತೇಲುತ್ತದೆ, ಒಳಗಿನ ಎಳೆ ಬೆಳ್ಳಗೇ ಉಳಿಯುತ್ತದೆ. ಸೋಪು ಎರಡು ಪಟ್ಟು ಮಾಡಿದೆ. ನೂಲಿಗೆ ಬಿಳಿ ಅಂಟು ಹತ್ತಿತು. ಸೋಪು ಕಲಬೆರಕೆ ಇರಬಹುದಾ?

ಉತ್ತರ (ಜವಳಿ ರಸಾಯನ, ಧಾರವಾಡ): ಸೋಪನ್ನು ಬೈಯಬೇಡಿ, ನೂಲನ್ನು ನೋಡಿ. ತೇಲುವ ನೂಲಿಗೆ ಮೊದಲೇ ಸಾಫ್ಟ್ನರ್ (ನೂಲನ್ನು ಮೆತ್ತಗೆ ಮಾಡುವ ರಾಸಾಯನಿಕ) ಕೊಟ್ಟಿರುವ ಹಾಗಿದೆ.

ಹತ್ತಿಯ ಎಳೆ ಸುಮಾರು 10ರಿಂದ 20 ಮೈಕ್ರಾನ್ ದಪ್ಪ. ನೀರು ಹರಿಯುವುದು ಆ ಎಳೆಗಳ ಸಂದಿಯಲ್ಲಿ. ಅಷ್ಟು ಇಕ್ಕಟ್ಟಿನಲ್ಲಿ ನೀರು ಕಡಿಮೆ, ಗೋಡೆಯೇ ಜಾಸ್ತಿ. ನೀರನ್ನು ಒಳಗೆ ಎಳೆಯುವುದೂ ಗೋಡೆ, ತಡೆಯುವುದೂ ಗೋಡೆ. ನೀರಿನಲ್ಲಿ ಹತ್ತಿಯ ಮೈಗೆ ಋಣ ವಿದ್ಯುದಂಶ ಇರುತ್ತದೆ. ಸಾಮಾನ್ಯ ಸಾಫ್ಟ್ನರ್‌ನದು ಧನ. ಅದರ ಅಣುವಿನ ತಲೆ ಹತ್ತಿಗೆ ಕಚ್ಚಿಕೊಂಡು, ಕೊಬ್ಬಿನ ಬಾಲ ಹೊರಗೆ ನಿಲ್ಲುತ್ತದೆ. ನೀರು ಒಳಗೆ ಹೇಗೆ ಹೋದೀತು? ನಿಮ್ಮ ಸೋಪು ಋಣದ್ದು. ಎರಡೂ ಸೇರಿದರೆ ಕರಗದ ಗಸಿಯಾಗುತ್ತದೆ. ನೀವು ನೋಡಿದ ಅಂಟು ಬಹುಶಃ ಅದೇ. ಬೋರ್‌ವೆಲ್ ನೀರು ಗಡಸಾಗಿದ್ದರೆ ಸುಣ್ಣದ ಗಸಿಯೂ ಕೂಡುತ್ತದೆ, ಅದು ಬೇರೆ ಕಾಟ.

ಸೋಪು ಏರಿಸುತ್ತಾ ಹೋದರೂ ಒಂದು ಹದ ದಾಟಿದ ಮೇಲೆ ನೀರಿನ ಮೇಲ್ಮೈ ಎಳೆತ (ನೀರು ಹರಡದಂತೆ ಹಿಡಿದಿಡುವ ಬಲ) ಇಳಿಯುವುದಿಲ್ಲ. ಸೋಪಿನಂತೆ ಕೆಲಸ ಮಾಡುವ ಸೋಡಿಯಂ ಲಾರಿಲ್ ಸಲ್ಫೇಟ್‌ಗೆ ಆ ಹದ ಲೀಟರಿಗೆ ಸುಮಾರು 2.3 ಗ್ರಾಂ. ಹದ ತಪ್ಪಿ ಕಡಿಮೆಯಾದರೆ ಇನ್ನೊಂದು ತೊಂದರೆ: ಸೋಪಿನ ಅಣುಗಳು ದಾರಿಯಲ್ಲೇ ಗೋಡೆಗೆ ಅಂಟಿ ಖರ್ಚಾಗುತ್ತವೆ, ಮುಂದೆ ಬರೀ ನೀರು ತಲುಪುತ್ತದೆ.

ಪ್ರಶ್ನೆ (ವಿದ್ಯಾರ್ಥಿನಿ, ಹುಬ್ಬಳ್ಳಿ): ಸರ್, ನಮ್ಮ ಲ್ಯಾಬಿನಲ್ಲಿ ಸಿಟಿಎಬಿ (ಸೋಪಿನಂಥ ಒಂದು ರಾಸಾಯನಿಕ) ದ್ರಾವಣ ಸಣ್ಣ ಗಾಜಿನ ನಳಿಗೆಯಲ್ಲಿ ಸರಿಯಾಗಿ ಏರಲಿಲ್ಲ. ಜಾಸ್ತಿ ಹಾಕಿದಾಗ ಏರಿತು. ಸೋಪು ಏರಿಸಿದರೆ ಉಪಯೋಗವಿಲ್ಲ ಅಂದಿರಲ್ಲ?

ಉತ್ತರ: ಒಳ್ಳೆ ಪ್ರಶ್ನೆ. ಗಾಜೂ ಋಣ, ಸಿಟಿಎಬಿ ಧನ. ಮೊದಲ ಪದರ ಬಾಲ ಹೊರಗಿಟ್ಟು ನಿಂತು ಗಾಜನ್ನು ನೀರಿಗೆ ವೈರಿ ಮಾಡುತ್ತದೆ. ಲೀಟರಿಗೆ 1 ಮಿಲಿಮೋಲ್ ಆಸುಪಾಸು ಬಂದಾಗ ಎರಡನೇ ಪದರ ತಿರುಗಿ ಕೂರುತ್ತದೆ, ತಲೆ ಹೊರಗೆ ಬರುತ್ತದೆ, ಗಾಜು ಮತ್ತೆ ನೀರಿಗೆ ಒಗ್ಗುತ್ತದೆ. ಬೆಟಗೇರಿಯವರ ಸೋಪು ಋಣದ್ದು, ಅಲ್ಲಿ ಈ ಆಟ ನಡೆಯುವುದಿಲ್ಲ.

ಪ್ರಶ್ನೆ (ಗದಗ-ಬೆಟಗೇರಿ): ಈಗ ಈ ನೂಲು ಸುಮ್ನೆ ಬಿಸಾಡೋದಾ?

ಉತ್ತರ: ಬೇಡ. ಬಿಸಿ ನೀರಿಗೆ ಅಸಿಟಿಕ್ ಆಮ್ಲ ಹಾಕಿ ಪಿಎಚ್ (ಹುಳಿಯ ಅಳತೆ) 4ರಿಂದ 5ಕ್ಕೆ ತನ್ನಿ. ನಾನ್‌ಅಯಾನಿಕ್ ಡಿಟರ್ಜೆಂಟ್ (ಋಣವೂ ಅಲ್ಲ, ಧನವೂ ಅಲ್ಲದ್ದು) ಸೇರಿಸಿ ಒಗೆಯಿರಿ. ಹುಳಿಯಲ್ಲಿ ಹತ್ತಿಯ ಋಣ ತಗ್ಗುತ್ತದೆ, ಸಾಫ್ಟ್ನರ್‌ನ ಹಿಡಿತ ಸಡಿಲವಾಗುತ್ತದೆ. ಚೆನ್ನಾಗಿ ಜಾಲಾಡಿ. ಮೊದಲು ಒಂದೇ ಲಡಿ ಮಾಡಿ, ಒಣಗಿಸಿ, ಮೇಲೆ ಒಂದು ಹನಿ ನೀರು ಬಿಡಿ. ತಕ್ಷಣ ಇಂಗಿದರೆ ಉಳಿದದ್ದಕ್ಕೆ ಕೈ ಹಾಕಿ.