ಸಹಾಯ ಬೇಕು: ಬ್ರೇಕ್ ಒತ್ತಿದರೆ ಹಳೇ ಲಾರಿ ಎಡಕ್ಕೆ ಎಳೆಯುತ್ತೆ

ಆರು ಚಕ್ರದ ಹಳೇ ಲಾರಿ, ಏರ್ ಬ್ರೇಕ್. ಸುಮ್ಮನೆ ಓಡುವಾಗ ನೇರ ಹೋಗುತ್ತೆ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿಯುವಾಗ ಪೆಡಲ್ ಒತ್ತಿದರೆ ಮಾತ್ರ ಎಡಕ್ಕೆ ಎಳೆಯುತ್ತೆ. ಮುಂದಿನ ಟೈರ್ ಅದಲುಬದಲು ಮಾಡಿ ಗಾಳಿ ಸಮ ಹಾಕಿದರೂ ಅದೇ ಕಥೆ.

ಇಳಿದ ಮೇಲೆ ಎಡ ಡ್ರಮ್ ಸುಡುತ್ತೆ, ಬಲದ್ದು ಬರೀ ಬೆಚ್ಚಗೆ. ಅಂದರೆ ಬಲಗಡೆ ಬ್ರೇಕ್ ಸರಿಯಾಗಿ ಹಿಡಿಯುತ್ತಿಲ್ಲ, ಹಾಗಾಗಿ ತೊಂದರೆ ಬಲಗಡೆಯೇ ಅಂತ ನನ್ನ ಲೆಕ್ಕ. ಡ್ರಮ್‌ಗೆ ಉಜ್ಜುವ ಲೈನರ್‌ಗೆ ಗ್ರೀಸ್ ತಾಗಿಲ್ಲ. ಬ್ರೇಕ್ ಸಡಿಲ ಸರಿಮಾಡುವ ಸ್ಲ್ಯಾಕ್ ಅಡ್ಜಸ್ಟರ್ ಎರಡೂ ಕಡೆ ಸಮ ಮಾಡಿದ್ದರೂ ಬಲ ಚೇಂಬರಿನ (ಗಾಳಿ ತುಂಬಿ ಬ್ರೇಕ್ ಹಾಕುವ ಡಬ್ಬಿ) ತಳ್ಳುವ ಸರಳು, ಅಂದರೆ ಪುಶ್‌ರಾಡ್, ತಡವಾಗಿ ಹೊರಬರುತ್ತೆ, ಬಿಟ್ಟಾಗಲೂ ನಿಧಾನ.

ಚೇಂಬರಿಗೆ ಗಾಳಿ ತರುವ ಹೋಸ್‌ನ ಒಳಪದರ ಊದಿಕೊಂಡರೂ ಹೀಗೇ, ಲೈನರನ್ನು ಡ್ರಮ್‌ಗೆ ಒತ್ತುವ ಕ್ಯಾಮ್‌ನ ಬುಷ್ ಹಿಡಿದುಕೊಂಡರೂ ಹೀಗೇ. ಪುಶ್‌ರಾಡ್ ಜೋಡಿಸುವ ಕ್ಲೆವಿಸ್ ಪಿನ್ ತೆಗೆದು ಕ್ಯಾಮ್ ಕೈಯಲ್ಲಿ ತಿರುಗಿಸಿ ನೋಡಿದರೆ ಸಾಕಾ, ಚೇಂಬರ್ ಹತ್ತಿರ ಗಾಳಿ ಒತ್ತಡದ ಗೇಜ್ ಹಾಕಲೇಬೇಕಾ?

ಬ್ರೇಕ್ ಜೊತೆಗೆ ಸ್ಟೀರಿಂಗ್ ಚಕ್ರವೂ ತಾನೇ ತಿರುಗುತ್ತೆ. ಸ್ಪ್ರಿಂಗ್‌ಗೆ ಬಿಗಿಯುವ ಯು-ಬೋಲ್ಟ್ ಸಡಿಲಾಗಿ ಆಕ್ಸಲ್ ಜರುಗುತ್ತಿರಬಹುದಾ? ಹಾಸನದಲ್ಲಿ ಎರಡೂ ಡ್ರಮ್ ಒಂದೇ ಅಳತೆಗೆ ಲೇತ್ ಹಿಡಿಯುವವರಿದ್ದರೆ ತಿಳಿಸಿ.